ಬಂಪರ್‌ಗೆ ತೂತು ಕೊರೆಯದೆ ಮುಂದಿನ ನಂಬರ್ ಪ್ಲೇಟ್: ಕೊಂಡ ಬ್ರ್ಯಾಕೆಟ್, ಮಾಡಿಕೊಂಡ ಬ್ರ್ಯಾಕೆಟ್

ಕಳೆದ ಹದಿನಾಲ್ಕು ತಿಂಗಳಿಂದ ನನ್ನ ಕಾರಿನ ಮುಂದಿನ ನಂಬರ್ ಪ್ಲೇಟನ್ನು ಹೊತ್ತಿರುವುದು ನಾನೇ ಲೇತ್‌ನಲ್ಲಿ ಕಡೆದು, ಅರ ಹಾಕಿ, ತೂತು ಕೊರೆದು ಮಾಡಿಕೊಂಡ ಬ್ರ್ಯಾಕೆಟ್. ಅದಕ್ಕೂ ಮುಂಚೆ ಮೂರು ತಿಂಗಳು ಅಂತರ್ಜಾಲದಲ್ಲಿ ಕೊಂಡ ಸಿದ್ಧ ಬ್ರ್ಯಾಕೆಟ್ ಬಳಸಿದ್ದೆ. ಎರಡರ ಹಿಂದಿನ ಉಪಾಯವೂ ಒಂದೇ. ಕೆಟ್ಟು ನಿಂತ ಕಾರನ್ನು ಎಳೆಯಲು ಟೋ ಹುಕ್ ತಿರುಗಿಸಿ ಹಾಕಲೆಂದು ಕಂಪನಿಯವರೇ ಬಂಪರ್‌ನ ಹಿಂದೆ ಥ್ರೆಡ್ ಇರುವ ಒಂದು ಕುಳಿಯನ್ನು ಕೊಟ್ಟಿರುತ್ತಾರೆ. ಆ ಕುಳಿಯನ್ನೇ ಆಧಾರ ಮಾಡಿಕೊಂಡು ಪ್ಲೇಟನ್ನು ನಿಲ್ಲಿಸುವುದು, ಬೇಕಾದಾಗ ಬಿಚ್ಚುವುದು. ಉಪಾಯ ಒಂದೇ ಆದರೂ ಒಂದು ಮೂರೇ ವಾರದಲ್ಲಿ ಸಡಿಲವಾಯಿತು, ಇನ್ನೊಂದು ಇಂದಿಗೂ ಅಲುಗದೆ ನಿಂತಿದೆ. ಈ ವ್ಯತ್ಯಾಸ ಎಲ್ಲಿಂದ ಬಂತು ಎಂಬುದನ್ನು ವಿವರವಾಗಿ ಬರೆಯುತ್ತಿದ್ದೇನೆ, ಏಕೆಂದರೆ ಕೊಳ್ಳುವವರಿಗೂ ಮಾಡಿಕೊಳ್ಳುವವರಿಗೂ ತಿಳಿದಿರಬೇಕಾದದ್ದು ಅದೊಂದೇ.

ನಾನಿರುವುದು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ. ಕಾರು ಎರಡು ಸೀಟಿನ, ಮೇಲ್ಛಾವಣಿ ಮಡಚುವ ಒಂದು ಪುಟ್ಟ ಜಪಾನಿ ವಾಹನ. ಅರಿಜೋನಾದಲ್ಲಿ ಓಡಿದ್ದ ಹಳೆಯ ಕಾರನ್ನು ಕೊಂಡುತಂದೆ. ಅಮೆರಿಕದಲ್ಲಿ ನಂಬರ್ ಪ್ಲೇಟಿನ ನಿಯಮ ಒಂದೊಂದು ರಾಜ್ಯಕ್ಕೆ ಒಂದೊಂದು ಬಗೆ. ಅರಿಜೋನಾ, ಫ್ಲಾರಿಡಾ, ಜಾರ್ಜಿಯಾ, ಮಿಷಿಗನ್, ಪೆನ್ಸಿಲ್ವೇನಿಯಾಗಳಲ್ಲಿ ಹಿಂದೆ ಒಂದು ಪ್ಲೇಟ್ ಇದ್ದರೆ ಸಾಕು. ಒಹಾಯೊ ರಾಜ್ಯವೂ 2020ರ ಜುಲೈನಿಂದ ಮುಂದಿನ ಪ್ಲೇಟನ್ನು ಕೈಬಿಟ್ಟಿತು. ಕ್ಯಾಲಿಫೋರ್ನಿಯಾ, ಟೆಕ್ಸಸ್, ನ್ಯೂಯಾರ್ಕ್, ನ್ಯೂಜೆರ್ಸಿಗಳಲ್ಲಿ ಮುಂದೆಯೂ ಹಿಂದೆಯೂ ಇರಲೇಬೇಕು. ಹೀಗಾಗಿ ನನ್ನ ಕಾರು ಒಂದೂ ತೂತಿಲ್ಲದ, ನುಣುಪಾದ ಬಂಪರ್‌ನೊಂದಿಗೆ ಬಂತು. ಇಲ್ಲಿ ನೋಂದಣಿ ಮಾಡಿಸಿದಾಗ ಕೈಗೆ ಎರಡು ಪ್ಲೇಟ್ ಕೊಟ್ಟರು.

ಸರ್ವಿಸ್‌ಗೆ ಒಯ್ದಲ್ಲಿ ಕೆಲಸಗಾರರೊಬ್ಬರು ಡ್ರಿಲ್ ಕೈಯಲ್ಲಿ ಹಿಡಿದೇ ಬಂದು, ಎರಡು ತೂತು ಕೊರೆದು ಐದು ನಿಮಿಷದಲ್ಲಿ ಕೂರಿಸಿಬಿಡುತ್ತೇನೆ ಎಂದರು. ನಾನು ಬೇಡವೆಂದೆ. ಬಂಪರ್‌ನ ಹೊರಚಿಪ್ಪು ಪ್ಲಾಸ್ಟಿಕ್ ಆದ್ದರಿಂದ ತೂತಿಗೆ ತುಕ್ಕು ಹಿಡಿಯುವುದಿಲ್ಲ ಎಂಬುದು ನಿಜ. ಆದರೆ ಒಮ್ಮೆ ಕೊರೆದ ತೂತನ್ನು ಮುಚ್ಚಿ, ಉಜ್ಜಿ, ಬಣ್ಣ ಹೊಂದಿಸುವುದೆಂದರೆ ಇಡೀ ಬಂಪರ್‌ಗೆ ಬಣ್ಣ ಹೊಡೆಸಿದಷ್ಟೇ ಖರ್ಚು. ನಾಳೆ ಒಂದೇ ಪ್ಲೇಟಿನ ರಾಜ್ಯಕ್ಕೆ ಮನೆ ಬದಲಿಸಿದರೆ ಆ ತೂತುಗಳು ಕಾರಿನ ಮುಖದ ಮೇಲೆ ಹಾಗೆಯೇ ಉಳಿಯುತ್ತವೆ.

ಕಾನೂನಿನ ಮಾತನ್ನು ಮೊದಲೇ ಸ್ಪಷ್ಟಪಡಿಸುತ್ತೇನೆ. ಕ್ಯಾಲಿಫೋರ್ನಿಯಾದ ವಾಹನ ಸಂಹಿತೆಯ 5200ನೇ ಸೆಕ್ಷನ್ ಪ್ರಕಾರ ಎರಡು ಪ್ಲೇಟ್ ಕೊಟ್ಟಿದ್ದರೆ ಎರಡನ್ನೂ ಹಾಕಬೇಕು. 5201ನೇ ಸೆಕ್ಷನ್ ಪ್ರಕಾರ ಪ್ಲೇಟ್ ತೂಗಾಡದಂತೆ ಭದ್ರವಾಗಿರಬೇಕು, ಅಕ್ಷರಗಳು ನೆಟ್ಟಗೆ ನಿಂತು ಎಡದಿಂದ ಬಲಕ್ಕೆ ಓದಲು ಬರಬೇಕು, ಸ್ಪಷ್ಟವಾಗಿ ಕಾಣಬೇಕು, ಮುಂದಿನದು ನೆಲದಿಂದ 60 ಇಂಚಿಗಿಂತ ಮೇಲಿರಬಾರದು. ನಡುವಿನಲ್ಲೇ ಇರಬೇಕೆಂದು ಅಲ್ಲಿ ಹೇಳಿಲ್ಲ, ಸ್ಪ್ಯಾನರ್ ಹಾಕಿ ಬಿಚ್ಚುವಂತಿರಬಾರದೆಂದೂ ಹೇಳಿಲ್ಲ. ಆದರೆ ಓಡುತ್ತಿರುವಾಗ ಗುಂಡಿ ಒತ್ತಿ ಪ್ಲೇಟನ್ನು ಮಗುಚುವ, ಮರೆಮಾಡುವ ಸಾಧನಗಳು ಬೇರೆಯೇ ಜಾತಿಯವು; ಅವು ನಿಷಿದ್ಧ, ಅವುಗಳ ಪರವಾಗಿ ನನ್ನಲ್ಲಿ ಒಂದು ಮಾತೂ ಇಲ್ಲ. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಸೇತುವೆಗಳಲ್ಲಿ 2020ರ ಮಾರ್ಚ್‌ನಿಂದ ಟೋಲ್ ಕಟ್ಟೆಗಳಲ್ಲಿ ನಗದು ಪಡೆಯುವುದನ್ನು ನಿಲ್ಲಿಸಿದ್ದಾರೆ, ಟ್ಯಾಗ್ ಇಲ್ಲದ ಕಾರುಗಳ ಪ್ಲೇಟನ್ನು ಕ್ಯಾಮೆರಾವೇ ಓದುತ್ತದೆ. ರಸ್ತೆಗೆ ಇಳಿಯುವಾಗ ಪ್ಲೇಟ್ ಇರಲೇಬೇಕು. ನನಗೆ ಅದನ್ನು ಬಿಚ್ಚುವ ಅವಶ್ಯಕತೆ ಬೀಳುವುದು ಮೂರು ಸಂದರ್ಭಗಳಲ್ಲಿ: ಬ್ರಷ್ ಇರುವ ಯಂತ್ರದಲ್ಲಿ ಕಾರು ತೊಳೆಸುವಾಗ, ವರ್ಷಕ್ಕೆ ಒಂದೆರಡು ಬಾರಿ ಮಾಂಟರೆ ಬಳಿಯ ಲಗೂನಾ ಸೇಕಾ ರೇಸ್ ಟ್ರ್ಯಾಕಿಗೆ ಹೋದಾಗ, ಮತ್ತು ನಿಜವಾಗಿಯೂ ಕಾರನ್ನು ಎಳೆಸಬೇಕಾಗಿ ಬಂದಾಗ.

ಮೂರನೆಯ ಸಂದರ್ಭವನ್ನು ಹೆಚ್ಚಿನವರು ಯೋಚಿಸುವುದೇ ಇಲ್ಲ. ಟೋ ಹುಕ್‌ನ ಕುಳಿಯಲ್ಲಿ ನಂಬರ್ ಪ್ಲೇಟಿನ ಸರಳು ಕೂತಿದ್ದರೆ, ಕಾರು ಕೆಟ್ಟು ನಿಂತಾಗ ಎಳೆಯುವ ಹುಕ್ ಹಾಕಲು ಜಾಗವೇ ಇರುವುದಿಲ್ಲ. ಹೆದ್ದಾರಿಯ ಅಂಚಿನಲ್ಲಿ, ರಾತ್ರಿ, ಮಳೆಯಲ್ಲಿ ನಿಂತು ಅದನ್ನು ಬಿಚ್ಚಬೇಕು. ತುಕ್ಕು ಹಿಡಿದು ಒಳಗೇ ಕಚ್ಚಿಕೊಂಡಿದ್ದರೆ ಟೋ ಲಾರಿಯವರು ಏನೂ ಮಾಡಲಾರರು. ಸುಲಭವಾಗಿ ಬಿಚ್ಚಲು ಬರುವುದು ಅಂದಕ್ಕಷ್ಟೇ ಸಂಬಂಧಿಸಿದ್ದಲ್ಲ, ಸುರಕ್ಷತೆಗೂ ಸಂಬಂಧಿಸಿದ್ದು.

ಈಗ ಕೊಂಡ ಬ್ರ್ಯಾಕೆಟ್‌ನ ವಿಷಯ. ಬೆಲೆ 65 ಡಾಲರ್. ಕಪ್ಪು ಪೌಡರ್ ಕೋಟಿಂಗ್ ಮಾಡಿದ ಅಲ್ಯೂಮಿನಿಯಂ ಸರಳು, ಅದರ ತುದಿಗೆ ಕೋನ ಬದಲಿಸಬಹುದಾದ ಒಂದು ಗೆಣ್ಣು, ಅದರ ಮುಂದೆ ಪ್ಲೇಟ್ ಕೂರಿಸುವ ಪಟ್ಟಿ. ನೋಡಲು ಚೊಕ್ಕವಾಗಿತ್ತು, ಥ್ರೆಡ್ ಸರಿಯಾಗಿ ಹೊಂದಿತು, ಹಾಕಲು ಹದಿನೈದು ನಿಮಿಷವೂ ಬೇಕಾಗಲಿಲ್ಲ. ಪ್ಯಾಕಿಂಗ್ ಮತ್ತು ಸೂಚನಾ ಹಾಳೆಗೆ ನಾನು ಪೂರ್ಣ ಅಂಕ ಕೊಡುತ್ತೇನೆ. ಆದರೆ ಮೂರನೆಯ ವಾರದಲ್ಲಿ, ಲಾರಿಗಳೇ ತುಂಬಿರುವ 880ನೇ ಹೆದ್ದಾರಿಯಲ್ಲಿ ಆಫೀಸಿಗೆ ಹೋಗಿ ಇಳಿದು ನೋಡಿದರೆ ಪ್ಲೇಟಿನ ಒಂದು ಮೂಲೆ ಎರಡು ಬೆರಳಿನಷ್ಟು ಕೆಳಗೆ ವಾಲಿತ್ತು. ಮತ್ತೆ ಬಿಗಿ ಮಾಡಿದೆ. ಹತ್ತು ದಿನಕ್ಕೆ ಮತ್ತೆ ವಾಲಿತು. ತಿರುಪು ಸಡಿಲವಾಗದಂತೆ ಹಿಡಿದಿಡುವ ಅಂಟನ್ನು, ಎಂದರೆ ನೀಲಿ ಬಣ್ಣದ ಥ್ರೆಡ್ ಲಾಕರನ್ನು, ಹಚ್ಚಿದ ಮೇಲೆ ಸರಳು ನಿಂತಿತು, ಬದಲಿಗೆ ಗೆಣ್ಣು ಸಡಿಲವಾಯಿತು. ಎರಡನೆಯ ತಿಂಗಳ ಕೊನೆಗೆ ಬಿಚ್ಚಿ ನೋಡಿದಾಗ ಅಲ್ಯೂಮಿನಿಯಂ ಥ್ರೆಡ್‌ನ ಮೇಲೆ ಬಿಳಿಯ ಪುಡಿ ಕಟ್ಟಿತ್ತು. ಕುಳಿ ಉಕ್ಕಿನದು, ಸರಳು ಅಲ್ಯೂಮಿನಿಯಂ. ಎರಡು ಬೇರೆ ಲೋಹಗಳ ನಡುವೆ ಕೊಲ್ಲಿಯ ಉಪ್ಪುಗಾಳಿಯ ತೇವ ಸೇರಿದರೆ ಅಲ್ಯೂಮಿನಿಯಂ ಸವೆಯುತ್ತದೆ. ಇನ್ನೊಂದು ವರ್ಷ ಬಿಟ್ಟಿದ್ದರೆ ಅದು ಕುಳಿಯಲ್ಲೇ ಕಚ್ಚಿಕೊಳ್ಳುತ್ತಿತ್ತು ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಏಕೆ ವಾಲಿತು ಎಂದು ಯೋಚಿಸಿದಾಗ ಕಾರಣ ಸರಳವಾಗಿತ್ತು. ನನ್ನ ಕಾರಿನಲ್ಲಿ ಕುಳಿ ಇರುವುದು ಚಾಲಕನ ಬದಿಗೆ, ಎಂದರೆ ಇಲ್ಲಿನ ಕಾರುಗಳಲ್ಲಿ ಎಡಬದಿಗೆ. ಎದುರಿಗೆ ನಿಂತು ನೋಡುವವರಿಗೆ ಅದು ಬಲಕ್ಕೆ ಕಾಣುತ್ತದೆ, ಪ್ಲೇಟ್ ಅಲ್ಲಿಂದ ಎಡಕ್ಕೆ, ಕಾರಿನ ನಡುವಿನ ಕಡೆಗೆ ಚಾಚಿರುತ್ತದೆ. ಹಾಗೆ ಚಾಚಿದ ಭಾರ ಸರಳನ್ನು ಗಡಿಯಾರದ ಮುಳ್ಳಿನ ವಿರುದ್ಧ ದಿಕ್ಕಿಗೆ, ಎಂದರೆ ಸಾಮಾನ್ಯ ಬಲಸುತ್ತಿನ ಥ್ರೆಡ್ ಬಿಚ್ಚಿಕೊಳ್ಳುವ ದಿಕ್ಕಿಗೇ, ದಿನವಿಡೀ ಎಳೆಯುತ್ತಿರುತ್ತದೆ. ಕುಳಿ ಇನ್ನೊಂದು ಬದಿಗಿದ್ದರೆ ಅದೇ ಭಾರ ಥ್ರೆಡ್ಡನ್ನು ಬಿಗಿ ಮಾಡುತ್ತಿತ್ತು. ಒಂದೇ ಉತ್ಪನ್ನವನ್ನು ಒಬ್ಬರು ಹೊಗಳುವುದಕ್ಕೂ ಮತ್ತೊಬ್ಬರು ತೆಗಳುವುದಕ್ಕೂ ಅರ್ಧ ಕಾರಣ ಇದೇ ಇರಬೇಕೆಂದು ನನಗೆ ಅನ್ನಿಸುತ್ತದೆ. ಇದಕ್ಕೆ ಗಾಳಿಯ ಒತ್ತಡವನ್ನೂ ಸೇರಿಸಿಕೊಳ್ಳಿ. ಇಲ್ಲಿನ ಪ್ಲೇಟ್ 12 ಇಂಚು ಅಗಲ, 6 ಇಂಚು ಎತ್ತರ. ಗಂಟೆಗೆ 65 ಮೈಲಿ ವೇಗದಲ್ಲಿ ಅದರ ಮೇಲೆ ಬೀಳುವ ಗಾಳಿಯ ಬಲ ನನ್ನ ಲೆಕ್ಕದಲ್ಲಿ ಸುಮಾರು 28 ನ್ಯೂಟನ್, ಎಂದರೆ ಮೂರು ಕಿಲೋಗಿಂತ ಸ್ವಲ್ಪ ಕಡಿಮೆ ತೂಕ ನೇತುಹಾಕಿದಂತೆ; ಅದೂ ಸ್ಥಿರವಾಗಿ ಅಲ್ಲ, ಪಕ್ಕದಲ್ಲಿ ಲಾರಿ ಹೋದಾಗಲೆಲ್ಲ ಏರಿಳಿಯುತ್ತ.

ತಿರುಪುಗಳು ಕಂಪನದಿಂದ ಸಡಿಲವಾಗುವುದನ್ನು ಜರ್ಮನಿಯ ಎಂಜಿನಿಯರ್ ಗೆರ್ಹಾರ್ಡ್ ಯುಂಕರ್ ಅಧ್ಯಯನ ಮಾಡಿ 1969ರಲ್ಲಿ ಪ್ರಕಟಿಸಿದ್ದರು. ಬೋಲ್ಟಿನ ಉದ್ದಕ್ಕೆ ಬೀಳುವ ಕಂಪನಕ್ಕಿಂತ ಅಡ್ಡಕ್ಕೆ ಬೀಳುವ ಕಂಪನವೇ ಅದನ್ನು ಬಿಚ್ಚಿಸುತ್ತದೆ, ಬಿಗಿತ ಸಾಕಷ್ಟಿದ್ದು ಅಡ್ಡ ಜಾರಿಕೆಯೇ ಆಗದಂತೆ ನೋಡಿಕೊಂಡರೆ ಬೋಲ್ಟ್ ನಿಲ್ಲುತ್ತದೆ ಎಂಬುದು ಅದರ ತಿರುಳು. ನಾನು ಕೊಂಡ ಬ್ರ್ಯಾಕೆಟ್‌ನಲ್ಲಿ ಸರಳು ಕುಳಿಯೊಳಗೆ ಬರಿದೇ ತಿರುಗಿ ಕೂತಿತ್ತೇ ಹೊರತು ಅದನ್ನು ಎಳೆದು ಬಿಗಿಯುವ ವ್ಯವಸ್ಥೆಯೇ ಇರಲಿಲ್ಲ. ದೋಷ ಅಲ್ಲಿತ್ತು.

ಬೆಳಗಾವಿಯ ಉದ್ಯಮಬಾಗದಲ್ಲಿ ಲೇತ್ ಕೆಲಸ ಮಾಡಿಕೊಂಡಿರುವ ನನ್ನ ಕಾಕಾ ಅವರಿಗೆ ಫೋಟೊ ಕಳಿಸಿದೆ. ಶಾಲೆಯ ರಜೆಯಲ್ಲಿ ಅವರ ಶೆಡ್ಡಿನಲ್ಲೇ ನಾನು ಕಬ್ಬಿಣಕ್ಕೆ ಅರ ಹಾಕುವುದನ್ನು ಕಲಿತದ್ದು. ಅವರು ಫೋಟೊ ನೋಡಿದವರೇ ಫೋನ್ ಮಾಡಿ, “ಒಂದ ತಿರುಪಿನ ಮ್ಯಾಲ ಎಲ್ಲಾ ಭಾರ ಬಿಟ್ಟೀಯಲ್ಲೋ ತಮ್ಮಾ, ಅದು ತಿರಗದ ಏನ್ ಮಾಡ್ತೈತಿ? ಬುಡಕ್ಕ ಜಗ್ಗಿ ಬಿಗಿ, ಮತ್ತ ತುದಿಗೆ ಒಂದು ಆಸರ ಕೊಡು,” ಎಂದರು. ನನ್ನ ಬ್ರ್ಯಾಕೆಟ್‌ನ ವಿನ್ಯಾಸ ಅಷ್ಟೇ. ಉಳಿದದ್ದೆಲ್ಲ ಆ ಎರಡು ಮಾತಿನ ವಿಸ್ತರಣೆ.

ಮೊದಲು ಡಿಕ್ಕಿಯಲ್ಲಿದ್ದ ಕಂಪನಿಯ ಟೋ ಹುಕ್ ತೆಗೆದು, ಥ್ರೆಡ್ ಗೇಜ್ ಇಟ್ಟು ಅದರ ವ್ಯಾಸವನ್ನೂ ಸುತ್ತುಗಳ ಅಂತರವನ್ನೂ ಅಳೆದೆ. ಇದನ್ನು ಯಾರೂ ಬಿಡಬಾರದು. ಒಂದೇ ಕಂಪನಿಯ ಎರಡು ಮಾದರಿಗಳಲ್ಲಿ ಥ್ರೆಡ್ ಬೇರೆ ಇರಬಹುದು, ಫೋಕ್ಸ್‌ವ್ಯಾಗನ್‌ನ ಹಲವು ಕಾರುಗಳಲ್ಲಿ ಅದು ಎಡಸುತ್ತಿನದೇ, ಎಂದರೆ ಸಾಮಾನ್ಯ ತಿರುಪಿಗೆ ವಿರುದ್ಧ ದಿಕ್ಕಿಗೆ ತಿರುಗಿಸಿ ಬಿಗಿಯುವಂಥದ್ದೇ, ಆಗಿರುತ್ತದೆ. ಆಮೇಲೆ ನಮ್ಮೂರಿನ ಸಮೀಪ ತಿಂಗಳ ಶುಲ್ಕ ಕೊಟ್ಟು ಬಳಸಬಹುದಾದ ಒಂದು ಸಾರ್ವಜನಿಕ ವರ್ಕ್‌ಶಾಪ್‌ನ ಲೇತ್‌ನಲ್ಲಿ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಸರಳನ್ನು ಕಡೆದು ಎರಡೂ ತುದಿಗೆ ಥ್ರೆಡ್ ಹಾಕಿದೆ. ಅದರ ಮೇಲೆ ಜಾರಿ ಕೂರುವಂತೆ ದಪ್ಪ ಗೋಡೆಯ ಒಂದು ಉಕ್ಕಿನ ಕೊಳವೆ. ಕೊಳವೆಯ ಒಳತುದಿ ಕುಳಿಯ ಬಾಯಿಗೆ ಒತ್ತಿ ನಿಲ್ಲುತ್ತದೆ, ಹೊರತುದಿಗೆ ನಟ್ ಹಾಕಿ ಬಿಗಿದರೆ ಸರಳು ಹೊರಗೆ ಎಳೆಯಲ್ಪಡುತ್ತದೆ, ಕೊಳವೆ ಒಳಗೆ ಒತ್ತಲ್ಪಡುತ್ತದೆ. ಬುಡಕ್ಕೆ ಜಗ್ಗಿ ಬಿಗಿಯುವುದೆಂದರೆ ಇದೇ. ಕೊಳವೆಯ ವ್ಯಾಸ ಬಂಪರ್‌ನ ಕಿಂಡಿಗಿಂತ ಸಾಕಷ್ಟು ಕಡಿಮೆ ಇರಬೇಕು. ಸುತ್ತ ಮೂರು ನಾಲ್ಕು ಮಿಲಿಮೀಟರ್ ಜಾಗವಿಲ್ಲದಿದ್ದರೆ ಅದು ಪ್ಲಾಸ್ಟಿಕ್‌ಗೆ ಉಜ್ಜಿ ಬಣ್ಣ ಕೀಳುತ್ತದೆ. ಕುಳಿಗೆ ಹೋಗುವ ಥ್ರೆಡ್ಡಿಗೆ ಲೋಹಗಳು ಒಂದಕ್ಕೊಂದು ಕಚ್ಚಿಕೊಳ್ಳದಂತೆ ತಡೆಯುವ ಆ್ಯಂಟಿ ಸೀಜ್ ಗ್ರೀಸ್ ಹಚ್ಚುತ್ತೇನೆ. ಲಾಕರ್ ಹಚ್ಚುವುದಿಲ್ಲ.

ಬಿಚ್ಚುವ ಕೀಲಿನಲ್ಲಿ ನಾನೇ ಒಂದು ತಪ್ಪು ಮಾಡಿದೆ. ಗುಂಡಿ ಒತ್ತಿದರೆ ಹೊರಬರುವ ಬಾಲ್ ಲಾಕ್ ಪಿನ್ ಹಾಕಿದರೆ ಎರಡು ಸೆಕೆಂಡಿನಲ್ಲಿ ಪ್ಲೇಟ್ ಕೈಗೆ ಬರುತ್ತದೆಂದು ಅದನ್ನೇ ಹಾಕಿದೆ. ಬಂತು ನಿಜ, ಆದರೆ ಪಿನ್ ಸುಲಭವಾಗಿ ಜಾರಬೇಕಾದರೆ ತೂತಿನಲ್ಲಿ ಕೂದಲೆಳೆಯಷ್ಟು ಸಡಿಲ ಇರಲೇಬೇಕು. ಆ ಸಡಿಲವೇ ತುದಿಯಲ್ಲಿ ದೊಡ್ಡ ಅಲುಗಾಟವಾಗಿ, ಸಿಮೆಂಟ್ ರಸ್ತೆಯ ಪ್ರತಿ ಜೋಡಣೆಯಲ್ಲೂ ಟಕ ಟಕ ಸದ್ದು ಮಾಡುತ್ತಿತ್ತು. ಮೇಲಾಗಿ ಎರಡು ಸೆಕೆಂಡಿನಲ್ಲಿ ನನಗೆ ಬಿಚ್ಚಲು ಬರುವುದನ್ನು ಕಳ್ಳನೂ ಎರಡೇ ಸೆಕೆಂಡಿನಲ್ಲಿ ಬಿಚ್ಚಬಲ್ಲ. ಇಲ್ಲಿ ಕದ್ದ ಪ್ಲೇಟ್ ಹಾಕಿಕೊಂಡು ಟೋಲ್ ತಪ್ಪಿಸುವವರಿದ್ದಾರೆ. ಕಳೆದುಕೊಂಡವರು ಪೊಲೀಸರಿಗೆ ದೂರು ಕೊಟ್ಟು, ಮೋಟಾರು ವಾಹನ ಇಲಾಖೆಗೆ ಆರ್‌ಇಜಿ 156 ಅರ್ಜಿ ಹಾಕಿ ಹೊಸದನ್ನು ಪಡೆಯಬೇಕಾಗುತ್ತದೆ. ಆದ್ದರಿಂದ ಪಿನ್ ಕೈಬಿಟ್ಟೆ. ಈಗ ಸರಳಿನ ಮುಂದಿನ ತುದಿಯನ್ನು ಚೌಕಾಕಾರಕ್ಕೆ ಅರ ಹಾಕಿ, ಪ್ಲೇಟಿನ ತೋಳಿನಲ್ಲಿ ಅದೇ ಅಳತೆಯ ಚೌಕ ತೂತು ಮಾಡಿ, ಒಂದು ಬದಿಗೆ ಸೀಳು ಕೊಟ್ಟು, ಎಂ6 ಬೋಲ್ಟಿನಿಂದ ಹಿಸುಕಿ ಹಿಡಿಸಿದ್ದೇನೆ. ಬೋಲ್ಟಿನ ತಲೆ ಸಾಮಾನ್ಯ ಅಲೆನ್ ಕೀಗೆ ಸಿಕ್ಕದ, ನಡುವೆ ಮೊಳೆಯಿರುವ ನಕ್ಷತ್ರಾಕಾರದ್ದು. ಬಿಚ್ಚಲು ನಲವತ್ತು ಸೆಕೆಂಡು ಬೇಕು. ಕೊಳವೆ ಮತ್ತು ಸರಳನ್ನೂ ತೆಗೆದು ಟೋ ಹುಕ್ ಹಾಕಲು ಇನ್ನೆರಡು ನಿಮಿಷ. ಕೀ, ಸ್ಪ್ಯಾನರ್, ಹುಕ್ ಮೂರೂ ಒಂದೇ ಬಟ್ಟೆಯ ಚೀಲದಲ್ಲಿ ಡಿಕ್ಕಿಯಲ್ಲಿವೆ.

ಪ್ಲೇಟ್ ಕೂರುವ ಹಲಗೆ 3 ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ ತಗಡು. ಪ್ಲೇಟಿನ ತೂತುಗಳ ನಡುವೆ ಅಡ್ಡಕ್ಕೆ 7 ಇಂಚು, ಉದ್ದಕ್ಕೆ 4.75 ಇಂಚು ಅಂತರ. ನಾಲ್ಕಕ್ಕೂ ಬೋಲ್ಟ್ ಹಾಕಿ, ಹಿಂದೆ ರಬ್ಬರ್ ವಾಷರ್, ನೈಲಾನ್ ಇರುವ ಲಾಕ್ ನಟ್ ಕೊಟ್ಟಿದ್ದೇನೆ. ಸರ್ಕಾರ ಕೊಡುವ ಪ್ಲೇಟ್ ತೆಳ್ಳನೆಯ ತಗಡಾದ್ದರಿಂದ ಮೇಲಿನ ಎರಡಕ್ಕೆ ಮಾತ್ರ ಬೋಲ್ಟ್ ಹಾಕಿದರೆ ಕೆಳ ಅಂಚು ಗಾಳಿಗೆ ನಡುಗುತ್ತದೆ. ಹಲಗೆಯ ಮೂಲೆಗಳನ್ನೆಲ್ಲ ಗುಂಡಗೆ ಮಾಡಿ ಅಂಚಿಗೆ ರಬ್ಬರ್ ಪಟ್ಟಿ ಸುತ್ತಿದೆ. ಕಾರಿನ ಮುಂದೆ ನಡೆದು ಹೋಗುವವರ ಮೊಣಕಾಲಿಗೆ ಚೂಪಾದ ಲೋಹ ತಾಗಬಾರದು. ಕಾಕಾ ಹೇಳಿದ ಆಸರೆ ಎಂದರೆ ಹಲಗೆಯ ದೂರದ ತುದಿಯಿಂದ ಹಿಂದಕ್ಕೆ ಹೋಗುವ ಒಂದು ಚಿಕ್ಕ ಕೈ. ಅದರ ತುದಿಯ ರಬ್ಬರ್ ಗುಬುಟು ಗ್ರಿಲ್‌ನ ಕೆಳಗಿನ, ಬಣ್ಣವಿಲ್ಲದ ಕಪ್ಪು ಪ್ಲಾಸ್ಟಿಕ್ ಅಂಚಿನ ಮೇಲೆ ಹಗುರವಾಗಿ ಊರಿ ನಿಲ್ಲುತ್ತದೆ. ಈ ಪುಟ್ಟ ಕೈ ಇಲ್ಲದೆ ಒಂದು ವಾರ ಓಡಿಸಿ ನೋಡಿದೆ, ಇಟ್ಟು ಒಂದು ವಾರ ಓಡಿಸಿದೆ. ಕೈಯಿಂದ ಪ್ಲೇಟಿನ ತುದಿ ಹಿಡಿದು ಅಲುಗಿಸಿದರೆ ಆಗುವ ವ್ಯತ್ಯಾಸ ಯಾರಿಗಾದರೂ ತಿಳಿಯುವಷ್ಟಿದೆ.

ಕೊಳವೆ, ನಟ್, ಸರಳು ಮೂರರ ಮೇಲೂ ಅಡ್ಡಲಾಗಿ ಒಂದು ಹಳದಿ ಬಣ್ಣದ ಗೆರೆ ಎಳೆದಿದ್ದೇನೆ. ಯಾವುದಾದರೂ ತಿರುಗಿದರೆ ಗೆರೆ ಮುರಿದು ಕಾಣುತ್ತದೆ, ಸ್ಪ್ಯಾನರ್ ಹಿಡಿಯದೆಯೇ ತಪಾಸಣೆ ಮುಗಿಯುತ್ತದೆ. ಹದಿನಾಲ್ಕು ತಿಂಗಳಲ್ಲಿ ಅದು ಮುರಿದದ್ದು ಒಮ್ಮೆ ಮಾತ್ರ, ಮೊದಲ ತಿಂಗಳಲ್ಲಿ. ವಾಷರ್ ಒತ್ತಿಕೊಂಡು ಕೂತ ಮೇಲೆ ಮತ್ತೆ ಬಿಗಿದೆ, ಅಂದಿನಿಂದ ಗೆರೆ ನೇರವಾಗಿದೆ. ಮಳೆಗಾಲ ಮುಗಿದ ಮೇಲೆ ಸರಳನ್ನು ಪೂರ್ತಿ ಹೊರತೆಗೆದು ನೋಡಿದಾಗ ಥ್ರೆಡ್ ಸ್ವಚ್ಛವಾಗಿತ್ತು. ಸಾದಾ ಉಕ್ಕಿನ ಕೊಳವೆಯ ಮೇಲೆ ಮಾತ್ರ ಬಣ್ಣ ಸುಲಿದ ಎರಡು ಕಡೆ ತುಕ್ಕಿನ ಚುಕ್ಕೆಗಳಿದ್ದವು. ಅದನ್ನೂ ಸ್ಟೇನ್‌ಲೆಸ್‌ನಲ್ಲೇ ಮಾಡಬೇಕಿತ್ತು.

ಕೊರತೆಗಳಿವೆ. ಪ್ಲೇಟ್ ನಡುವಿನಲ್ಲಿಲ್ಲದೆ ಒಂದು ಬದಿಗಿರುವುದು ಎಲ್ಲರ ಕಣ್ಣಿಗೂ ಹಿಡಿಸುವುದಿಲ್ಲ. ನನ್ನ ಹೆಂಡತಿಗೆ ಇಂದಿಗೂ ಹಿಡಿಸಿಲ್ಲ. ಹೆಚ್ಚು ಗಂಭೀರವಾದದ್ದು ಪಾರ್ಕಿಂಗ್‌ನಲ್ಲಿ ಆಗುವ ಸಣ್ಣ ಡಿಕ್ಕಿಯ ವಿಷಯ. ಮಾಮೂಲಾಗಿ ಬಂಪರ್‌ನ ಪ್ಲಾಸ್ಟಿಕ್ ಮತ್ತು ಅದರ ಹಿಂದಿನ ಫೋಮ್ ನುಂಗಿಕೊಳ್ಳುವ ಹೊಡೆತ ಈ ಸರಳಿನ ಮೂಲಕ ನೇರವಾಗಿ ಒಳಗಿನ ಲೋಹದ ತೊಲೆಗೆ ಹೋಗುತ್ತದೆ. ಅದಕ್ಕಾಗಿ ಸರಳನ್ನು ಆದಷ್ಟು ಗಿಡ್ಡವಾಗಿಸಿದ್ದೇನೆ, ತೋಳನ್ನು ಅಲ್ಯೂಮಿನಿಯಂನಲ್ಲೇ ಬಿಟ್ಟಿದ್ದೇನೆ. ಹೊಡೆತ ಬಿದ್ದರೆ ಮೊದಲು ತೋಳು ಬಾಗಲಿ ಎಂಬುದು ಉದ್ದೇಶ. ಆದರೂ ಅಪಾಯ ಪೂರ್ತಿ ಇಲ್ಲವಾಗಿಲ್ಲ, ಕೊಂಡ ಬ್ರ್ಯಾಕೆಟ್‌ಗಳಲ್ಲೂ ಇದು ಇದ್ದೇ ಇದೆ. ಬಂಪರ್‌ನಲ್ಲಿ ಪಾರ್ಕಿಂಗ್ ಸೆನ್ಸರ್ ಅಥವಾ ಗ್ರಿಲ್‌ನ ಹಿಂದೆ ರೇಡಾರ್ ಇರುವ ಕಾರಿನವರು ಪ್ಲೇಟ್ ಅದಕ್ಕೆ ಅಡ್ಡ ಬಾರದ ಜಾಗವನ್ನು ಮೊದಲು ಗುರುತಿಸಿಕೊಳ್ಳಬೇಕು. ಕೆಲವು ಕಾರುಗಳಲ್ಲಿ ಅಂಥ ಜಾಗವೇ ಸಿಗುವುದಿಲ್ಲ.

ಖರ್ಚು ಲೆಕ್ಕ ಹಾಕಿದರೆ ಸಾಮಾನಿಗೆ 48 ಡಾಲರ್, ವರ್ಕ್‌ಶಾಪ್‌ಗೆ ಒಂದು ತಿಂಗಳ ಶುಲ್ಕ, ಮೂರು ಶನಿವಾರ. ಹಣದಲ್ಲಿ ಉಳಿತಾಯವೇನೂ ಆಗಲಿಲ್ಲ. ಲೇತ್ ಮುಟ್ಟದವರು ಸಿದ್ಧ ಬ್ರ್ಯಾಕೆಟ್ಟನ್ನೇ ಕೊಳ್ಳಬಹುದು. ಆದರೆ ಸರಳು ಉಕ್ಕಿನದೇ ಎಂದು, ಕುಳಿಯ ಬಾಯಿಗೆ ಒತ್ತಿ ಬಿಗಿಯುವ ಕೊಳವೆ ಅಥವಾ ನಟ್ ಇದೆಯೇ ಎಂದು, ತಮ್ಮ ಕಾರಿನ ಕುಳಿ ಯಾವ ಬದಿಗಿದೆ ಎಂದು ನೋಡಿಕೊಂಡು ಕೊಳ್ಳಲಿ. ಈ ಮೂರರಲ್ಲಿ ಮೊದಲ ಎರಡು ಇಲ್ಲದ ಬ್ರ್ಯಾಕೆಟ್‌ಗೆ ನಾನು ಐದರಲ್ಲಿ ಎರಡು ಅಂಕ ಕೊಡುತ್ತೇನೆ. ನಾನು ಮಾಡಿಕೊಂಡದ್ದಕ್ಕೆ ನಾಲ್ಕು. ತುಕ್ಕಿನ ಚುಕ್ಕೆಗೆ ಅರ್ಧ, ಡಿಕ್ಕಿಯ ಅಪಾಯಕ್ಕೆ ಅರ್ಧ ಕಳೆದಿದ್ದೇನೆ.

ಕರ್ನಾಟಕದಲ್ಲಿರುವ ಓದುಗರಿಗೆ ಒಂದು ಮಾತು. ಇದನ್ನು ಅಲ್ಲಿ ಮಾಡಲು ಹೋಗಬೇಡಿ. ಕೇಂದ್ರ ಮೋಟಾರು ವಾಹನ ನಿಯಮಗಳ 50ನೇ ನಿಯಮದಡಿ ಬರುವ ಅತಿ ಸುರಕ್ಷಿತ ನೋಂದಣಿ ಫಲಕವನ್ನು, ಎಂದರೆ ಎಲ್ಲರೂ ಎಚ್‌ಎಸ್‌ಆರ್‌ಪಿ ಎನ್ನುವ ಪ್ಲೇಟನ್ನು, ಒಮ್ಮೆ ಹಾಕಿದರೆ ಮುರಿಯದೆ ತೆಗೆಯಲಾಗದ ಸ್ನ್ಯಾಪ್ ಲಾಕ್‌ನಿಂದ ಕೂರಿಸುತ್ತಾರೆ. 2019ರ ಏಪ್ರಿಲ್ 1ರಿಂದ ಹೊಸ ವಾಹನಗಳೆಲ್ಲ ಅದರೊಂದಿಗೇ ಬರುತ್ತಿವೆ. ಹೊಲೊಗ್ರಾಂ, ಲೇಸರ್‌ನಲ್ಲಿ ಕೆತ್ತಿದ ಗುರುತಿನ ಸಂಖ್ಯೆ ಇವೆಲ್ಲ ಇರುವುದೇ ಪ್ಲೇಟ್ ಒಂದು ಕಾರಿನಿಂದ ಇನ್ನೊಂದಕ್ಕೆ ಹೋಗದಿರಲೆಂದು. ಬಿಚ್ಚಿ ಹಾಕುವ ಬ್ರ್ಯಾಕೆಟ್ ಆ ವ್ಯವಸ್ಥೆಗೇ ವಿರುದ್ಧ. ಕಾಕಾ ಕೂಡ ತಮ್ಮ ಹಳೆಯ ಜೀಪಿಗೆ ಇಂಥದ್ದು ಮಾಡಿಕೊಳ್ಳಬಹುದೇ ಎಂದು ಕೇಳಿದ್ದರು. ಬೇಡವೆಂದು ಹೇಳಿ, ಕಾರಣ ವಿವರಿಸಿದೆ.

ಮುಂದಿನ ಶನಿವಾರ ಸ್ಟೇನ್‌ಲೆಸ್ ಕೊಳವೆ ಕಡೆಯುವವನಿದ್ದೇನೆ. ಜೊತೆಗೆ ಪಕ್ಕದ ಮನೆಯ ಗೆಳೆಯರ ಫೋಕ್ಸ್‌ವ್ಯಾಗನ್‌ಗೂ ಒಂದು ಸರಳು ಮಾಡಬೇಕಿದೆ. ಅವರ ಟೋ ಹುಕ್ ತರಿಸಿ ಅಳೆದಾಗಿದೆ, ಥ್ರೆಡ್ ಎಡಸುತ್ತಿನದು.